ಸ್ಪೇಸರ್‌ನಿಂದ ಕಾನ್ಸಂಟ್ರೇಟರ್‌ವರೆಗೆ: ಸಿಒಪಿಡಿ ಇರುವವರ ಮನೆಯಲ್ಲಿ ಯಾವ ಉಪಕರಣ ಕೆಲಸಕ್ಕೆ ಬರುತ್ತದೆ

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರು ಹೊರಹಾಕಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ), ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳಗಳು ಹಿಗ್ಗಿ ಕಫ ಕಟ್ಟುವ ಕಾಯಿಲೆ), ಬಿಡದ ಅಸ್ತಮಾ. ಹೆಸರು ಯಾವುದೇ ಇರಲಿ, ವರ್ಷಗಟ್ಟಲೆ ಜೊತೆಗಿರುವ ಶ್ವಾಸಕೋಶದ ಕಾಯಿಲೆಯನ್ನು ದಿನದಿನವೂ ನೋಡಿಕೊಳ್ಳುವವರು ಕಾಯಿಲೆ ಇರುವವರೇ. ಡಾಕ್ಟರು ಔಷಧಿ ಬರೆದುಕೊಡುತ್ತಾರೆ. ಅದು ಶ್ವಾಸಕೋಶಕ್ಕೆ ತಲುಪಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮನೆಯಲ್ಲಿ. ಈ ಕೆಲಸಕ್ಕೆಂದು ಮಾರುವ ಉಪಕರಣಗಳಲ್ಲಿ ಹೆಚ್ಚಿನವಕ್ಕೆ ಒಂದೇ ದೋಷ: ಕೆಟ್ಟರೂ ಕೆಟ್ಟಂತೆ ಕಾಣುವುದಿಲ್ಲ. ಔಷಧಿ ಮುಗಿದ ಇನ್‌ಹೇಲರ್ ಬುಸ್ಸೆನ್ನುತ್ತಲೇ ಇರುತ್ತದೆ. ಆಕ್ಸಿಜನ್ ತಯಾರಿಸಲಾಗದ ಯಂತ್ರವೂ ಗಾಳಿ ಊದುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಒಂದೊಂದನ್ನೂ ಎರಡು ಪ್ರಶ್ನೆಗಳಿಂದ ತೂಗಿದೆ. ಸರಿಯಾಗಿ ಬಳಸಿದರೆ ಎಷ್ಟು ಉಪಯೋಗ? ಕೈಕೊಟ್ಟರೆ ಮನೆಯಲ್ಲೇ ಪತ್ತೆಹಚ್ಚಬಹುದೇ?

ಸ್ಪೇಸರ್ ಮತ್ತು ಒತ್ತುವ ಇನ್‌ಹೇಲರ್

ನೋಡಲು ಸ್ಪೇಸರ್ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ, ಇನ್‌ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವಂಥದ್ದು. ಆದರೆ ಒತ್ತುವ ಇನ್‌ಹೇಲರ್ ಬಳಸುವವರು ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಇದೇ. ಇನ್‌ಹೇಲರ್‌ನಿಂದ ಔಷಧಿ ಬಹಳ ರಭಸದಿಂದ ಚಿಮ್ಮುತ್ತದೆ. ನೇರವಾಗಿ ಬಾಯಿಗೆ ಒತ್ತಿಕೊಂಡರೆ ಹೆಚ್ಚಿನ ಪಾಲು ನಾಲಿಗೆಗೂ ಗಂಟಲಿಗೂ ಬಡಿದು ಅಲ್ಲೇ ಉಳಿಯುತ್ತದೆ. ಒತ್ತುವುದೂ ಉಸಿರೆಳೆಯುವುದೂ ಒಂದೇ ಕ್ಷಣಕ್ಕೆ ಕೂಡಿಬರಬೇಕು. ಏದುಸಿರು ಬಿಡುತ್ತಿರುವವರಿಗೆ, ಬೆರಳುಗಳಲ್ಲಿ ಸಂಧಿವಾತ ಇರುವವರಿಗೆ ಅದು ಕೂಡಿಬರುವುದೇ ಕಷ್ಟ. ಸ್ಪೇಸರ್ ಒಳಗೆ ಹನಿಗಳ ರಭಸ ತಗ್ಗುತ್ತದೆ, ದಪ್ಪ ಹನಿಗಳು ಅಲ್ಲೇ ಗೋಡೆಗೆ ಅಂಟುತ್ತವೆ, ಸಣ್ಣವು ಉಸಿರಿನ ಜೊತೆ ಕೆಳಗಿಳಿಯುತ್ತವೆ. ಸ್ಟೀರಾಯ್ಡ್ ಇನ್‌ಹೇಲರ್ ಆಗಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಹಿಡಿಯುವುದೂ ಕಡಿಮೆಯಾಗುತ್ತದೆ. ಹಾಗೆಂದು ಬಾಯಿ ಮುಕ್ಕಳಿಸಿ ಉಗುಳುವುದನ್ನು ಬಿಡುವಂತಿಲ್ಲ.

ಮಾರುಕಟ್ಟೆಯಲ್ಲಿ ಸುಮಾರು 150 ಮಿ.ಲೀ.ನಿಂದ 750 ಮಿ.ಲೀ.ವರೆಗಿನ ಸ್ಪೇಸರ್‌ಗಳಿವೆ. ಗಾತ್ರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಚಿಕ್ಕದನ್ನು ಚೀಲದಲ್ಲಿ ಒಯ್ಯಬಹುದು ಎಂಬುದೇ ಅದರ ದೊಡ್ಡ ಗುಣ. ಬಿಟ್ಟುಕೊಡಬಾರದ್ದು ಮೂರು. ಬಾಯಿ ಇಡುವ ಕಡೆ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಇರಬೇಕು; ಇಲ್ಲದಿದ್ದರೆ ಅದರೊಳಕ್ಕೆ ಬಿಟ್ಟ ಉಸಿರೇ ಔಷಧಿಯನ್ನು ಹೊರಗೆ ತಳ್ಳುತ್ತದೆ. ನಿಮ್ಮ ಇನ್‌ಹೇಲರ್‌ನ ಬಾಯಿ ಹಿಂಬದಿಯ ರಂಧ್ರದಲ್ಲಿ ಸಂದಿಲ್ಲದೆ ಕೂರಬೇಕು. ಡಬ್ಬಿ ಪಾರದರ್ಶಕವಾಗಿರಬೇಕು, ಏಕೆಂದರೆ ಉಸಿರೆಳೆದಾಗ ವಾಲ್ವ್ ಏಳುವುದನ್ನೂ ಬಿಟ್ಟಾಗ ಮುಚ್ಚುವುದನ್ನೂ ಕಣ್ಣಾರೆ ಕಾಣುವುದೊಂದೇ ಸರಿಯಾದ ಪರೀಕ್ಷೆ. ವಾಲ್ವ್ ಸುರುಟಿದ್ದರೆ, ಬಿರುಸಾಗಿದ್ದರೆ, ಅಂಟಿಕೊಂಡಿದ್ದರೆ ಆ ಸ್ಪೇಸರ್ ಬಿಸಾಡಬೇಕು. ಕೆಲವು ಮಾದರಿಗಳು ಉಸಿರನ್ನು ತೀರ ವೇಗವಾಗಿ ಎಳೆದರೆ ಸಿಳ್ಳೆ ಹಾಕುತ್ತವೆ. ಸಿಳ್ಳೆ ಕೇಳಿದರೆ ನಿಧಾನಿಸಿ ಎಂದರ್ಥ. ಅದನ್ನು ಸರಿಯಾಗಿ ಎಳೆದ ಗುರುತೆಂದು ತಿಳಿಯುವವರು ಬಹಳ ಮಂದಿ.

ಬಳಸುವಾಗ ಕ್ಯಾನಿಸ್ಟರನ್ನು (ಇನ್‌ಹೇಲರ್‌ನ ಔಷಧಿ ತುಂಬಿದ ಲೋಹದ ಡಬ್ಬಿ) ಚೆನ್ನಾಗಿ ಕುಲುಕಿ ಜೋಡಿಸಿ, ನೆಟ್ಟಗೆ ಕುಳಿತು ಉಸಿರನ್ನು ಪೂರ್ತಿ ಬಿಡಿ. ಬಾಯಿಯಿಂದ ಬಿಗಿಹಿಡಿದು ಒಂದೇ ಒಂದು ಸಲ ಒತ್ತಿ. ಕೂಡಲೇ 3ರಿಂದ 5 ಸೆಕೆಂಡ್ ಕಾಲ ನಿಧಾನವಾಗಿ ಒಳಗೆಳೆದುಕೊಂಡು 10 ಸೆಕೆಂಡ್, ಅಥವಾ ಆದಷ್ಟು ಹೊತ್ತು, ತಡೆಹಿಡಿಯಿರಿ. ಅಷ್ಟು ದಮ್ಮಿಲ್ಲದವರು ಬಾಯಿ ತೆಗೆಯದೆ 5 ಬಾರಿ ಸಾಮಾನ್ಯವಾಗಿ ಉಸಿರಾಡಿದರೂ ಸಾಕು. ಎರಡನೆಯ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿನಿಂದ ಆರಂಭಿಸಬೇಕು. ಎರಡು ಪಫ್ ಒಟ್ಟಿಗೆ ಒತ್ತಿ ಎಳೆದರೆ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ಗೋಡೆಗೆ ಬೀಳುತ್ತವೆ. ಎರಡು ಪಫ್‌ನ ಔಷಧಿ ಸಿಗುವುದಿಲ್ಲ. ಒತ್ತಿದ ಮೇಲೆ ತಡಮಾಡಿದರೂ ಅದೇ ಗತಿ.

ಹೊಸ ಪ್ಲಾಸ್ಟಿಕ್‌ನ ಮೇಲಿರುವ ಸ್ಥಿರ ವಿದ್ಯುತ್ತು ಔಷಧಿಯ ಕಣಗಳನ್ನು ಗೋಡೆಗೆ ಸೆಳೆಯುತ್ತದೆ. ಹಾಗಾಗಿ ಮೊದಲ ಬಳಕೆಗೆ ಮುನ್ನವೇ ತೊಳೆಯಬೇಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ, ಬಿಡಿಸಿದ ಭಾಗಗಳನ್ನು 15 ನಿಮಿಷ ನೆನೆಯಿಟ್ಟು, ಒರೆಸದೆ ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಹೋಗಿದ್ದ ವಿದ್ಯುತ್ತು ಮರಳಿ ಬರುತ್ತದೆ. ಬಾಯಿಡುವ ಭಾಗವನ್ನು ಮಾತ್ರ ಶುದ್ಧ ನೀರಿನಲ್ಲಿ ತೊಳೆದರೆ ಸೋಪಿನ ರುಚಿ ಬಾರದು. ಸ್ಥಿರ ವಿದ್ಯುತ್ತು ಹಿಡಿಯದ ವಸ್ತುವಿನಿಂದ ಮಾಡಿದ ಸ್ಪೇಸರ್ ಸಿಕ್ಕರೆ ಅದನ್ನೇ ಆರಿಸಿ. ದಿನವೂ ಬಳಸುವವರು 6ರಿಂದ 12 ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು.

ಇನ್‌ಹೇಲರ್ ಖಾಲಿಯಾಗಿದೆಯೇ ಎಂದು ನೋಡಲು ಕ್ಯಾನಿಸ್ಟರನ್ನು ನೀರಿನಲ್ಲಿ ತೇಲಿಸುವ ಹಳೆಯ ಉಪಾಯವನ್ನು ದಯವಿಟ್ಟು ಕೈಬಿಡಿ. ಅದು ಸರಿಯಾದ ಉತ್ತರ ಕೊಡುವುದಿಲ್ಲ, ಜೊತೆಗೆ ನೀರು ವಾಲ್ವ್‌ಗೆ ಹೋಗಿ ಕಟ್ಟಿಕೊಳ್ಳುತ್ತದೆ. ಕುಲುಕಿ ನೋಡುವುದೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಔಷಧಿ ಮುಗಿದ ಮೇಲೂ ತಳ್ಳುವ ದ್ರವ ಉಳಿದು ಸದ್ದು ಮಾಡುತ್ತದೆ. ಡೋಸ್ ಕೌಂಟರ್ ಇರುವ ಮಾದರಿಗೇ ಪಟ್ಟುಹಿಡಿಯಿರಿ. ಕೌಂಟರ್ ಇಲ್ಲವೆಂದರೆ ಲೆಕ್ಕ ಸುಲಭ: 120 ಪಫ್‌ನ ಇನ್‌ಹೇಲರ್, ದಿನಕ್ಕೆ 4 ಪಫ್, ಅಂದರೆ 30 ದಿನ. ಮುಗಿಯುವ ತಾರೀಖನ್ನು ತೆರೆದ ದಿನವೇ ಡಬ್ಬಿಯ ಮೇಲೆ ಬರೆದಿಡಿ. ಬೇಕಾದಾಗ ಮಾತ್ರ ಬಳಸುವ ನೀಲಿ ಇನ್‌ಹೇಲರ್ ಎರಡು ವಾರ ಮೂಲೆಯಲ್ಲಿದ್ದರೆ ಮೊದಲ ಒಂದಷ್ಟು ಪಫ್ ಗಾಳಿಗೆ ಬಿಟ್ಟು ಬಳಸಬೇಕು. ಎಷ್ಟೆಂಬುದು ಜೊತೆಗೆ ಬರುವ ಚೀಟಿಯಲ್ಲಿರುತ್ತದೆ.

ಪುಡಿಯ ಇನ್‌ಹೇಲರ್

ಇದರ ವಿಧಾನ ಪೂರಾ ಉಲ್ಟಾ. ಇಲ್ಲಿ ತಳ್ಳುವ ಅನಿಲವಿಲ್ಲ. ಪುಡಿಯನ್ನು ಒಡೆದು ಮೇಲೆಬ್ಬಿಸುವ ಬಲ ನಿಮ್ಮ ಉಸಿರಿನದ್ದೇ. ಆದ್ದರಿಂದ ಆರಂಭದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಒಂದು ಒತ್ತುವ ಇನ್‌ಹೇಲರ್, ಒಂದು ಪುಡಿಯದ್ದು ಎಂದು ಎರಡೂ ಕೊಟ್ಟಿರುವ ಮನೆಗಳಲ್ಲಿ ಈ ನಿಧಾನ-ಜೋರು ಅದಲುಬದಲಾಗುವುದೇ ಹೆಚ್ಚು. ಸಾಧ್ಯವಾದರೆ ಎಲ್ಲ ಔಷಧಿಯೂ ಒಂದೇ ಬಗೆಯ ಸಾಧನದಲ್ಲಿ ಸಿಗುವಂತೆ ಡಾಕ್ಟರನ್ನು ಕೇಳಿ.

ಕ್ಯಾಪ್ಸೂಲ್ ಮಾದರಿಗೆ ಒಂದು ದೊಡ್ಡ ಗುಣವಿದೆ, ಪರೀಕ್ಷೆ ಕೈಯಲ್ಲೇ ಇದೆ: ಎಳೆದ ಮೇಲೆ ತೆರೆದು ನೋಡಿ, ಕ್ಯಾಪ್ಸೂಲಿನಲ್ಲಿ ಪುಡಿ ಉಳಿದಿದ್ದರೆ ಅದರಿಂದಲೇ ಮತ್ತೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ನುಂಗುವವರಿದ್ದಾರೆ, ಮನೆಯ ಹಿರಿಯರಿಗೆ ಮೊದಲ ದಿನವೇ ತಿಳಿಹೇಳಿ. ಸಾಧನದೊಳಕ್ಕೆ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಮುದ್ದೆಯಾಗುತ್ತದೆ, ಮುಂದಿನ ಡೋಸ್‌ಗಳೂ ಹಾಳು. ಬಚ್ಚಲುಮನೆಯಲ್ಲಿ ಇಡಬೇಡಿ. ಬಾಯಿಡುವ ಭಾಗವನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಕಾಯಿಲೆ ಮುಂದುವರಿದು ಎಳೆಯುವ ಬಲ ಕುಗ್ಗಿದವರಿಗೆ, ಅದರಲ್ಲೂ ಉಸಿರಾಟ ಬಿಗಡಾಯಿಸಿದ ದಿನಗಳಲ್ಲಿ, ಇದು ಸಾಲುವುದಿಲ್ಲ. ಎಳೆಯುವ ವೇಗವನ್ನು ಅಳೆಯುವ ಚಿಕ್ಕ ಮೀಟರ್ ಅನೇಕ ಶ್ವಾಸಕೋಶ ಕ್ಲಿನಿಕ್‌ಗಳಲ್ಲಿರುತ್ತದೆ, ಕೇಳಿ ಪರೀಕ್ಷಿಸಿಕೊಳ್ಳಿ.

ನೆಬ್ಯುಲೈಜರ್

ಇದು ದ್ರವ ಔಷಧಿಯನ್ನು ಉಸಿರಿನ ಜೊತೆ ಎಳೆಯಬಹುದಾದ ಮಂಜಾಗಿಸುವ ಯಂತ್ರ. ಹೊಗೆ ಕಾಣುತ್ತದೆ, ಸದ್ದು ಕೇಳುತ್ತದೆ, ಹಾಗಾಗಿ ಜನರಿಗೆ ಇದರ ಮೇಲೆ ಅತಿಯಾದ ನಂಬಿಕೆ. ಹೆಚ್ಚಿನವರಿಗೆ ಸ್ಪೇಸರ್ ಮೂಲಕ ಸರಿಯಾಗಿ ತೆಗೆದುಕೊಂಡ ಇನ್‌ಹೇಲರ್ ಇದಕ್ಕೆ ಸಮ. ಇನ್‌ಹೇಲರ್ ಹಿಡಿಯಲಾಗದವರಿಗೆ, ಗೊಂದಲ ಇರುವವರಿಗೆ, ತೀರ ದಮ್ಮಿಲ್ಲದವರಿಗೆ ಮಾತ್ರ ಕೊಳ್ಳುವುದು ಸಾರ್ಥಕ. ಕಂಪ್ರೆಸರ್ ಮಾದರಿಯೇ ಇರಲಿ. ಅಲ್ಟ್ರಾಸಾನಿಕ್ ಯಂತ್ರಗಳು ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್‌ನಂತಹ, ಕಣಗಳು ಕರಗದೆ ತೇಲುವ ಔಷಧಿಗೆ ಹೊಂದುವುದಿಲ್ಲ. ತೆಳುಗೊಳಿಸಲು 0.9 ಶೇಕಡಾ ಸ್ಟೆರೈಲ್ ಸಲೈನ್ ಮಾತ್ರ ಬಳಸಬೇಕು, ಬರೀ ನೀರು ಶ್ವಾಸನಾಳಗಳನ್ನು ಕೆರಳಿಸಿ ಬಿಗಿಗೊಳಿಸುತ್ತದೆ. ಒಟ್ಟು 3ರಿಂದ 5 ಮಿ.ಲೀ. ತುಂಬಿ, ತಟತಟ ಸದ್ದು ಬಂದಾಗ ಔಷಧಿಯ ಬಟ್ಟಲನ್ನೊಮ್ಮೆ ತಟ್ಟಿ, ಮತ್ತೆ ತಟತಟ ಎಂದಾಗ ನಿಲ್ಲಿಸಿ. ಸಾಮಾನ್ಯವಾಗಿ 10 ನಿಮಿಷದ ಆಸುಪಾಸು. ಇಷ್ಟು ದಿನ 10 ನಿಮಿಷಕ್ಕೆ ಮುಗಿಯುತ್ತಿದ್ದದ್ದು 20ಕ್ಕೆ ಏರಿದರೆ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಬಟ್ಟಲಿನ ಜೆಟ್ ಸವೆದಿದೆ. ಪ್ರತಿ ಸಲ ತೊಳೆದು ಒಣಗಿಸದ ಬಟ್ಟಲು ರೋಗಾಣುಗಳನ್ನು ನೇರ ಶ್ವಾಸಕೋಶಕ್ಕೆ ಕಳಿಸುತ್ತದೆ.

ಪಲ್ಸ್ ಆಕ್ಸಿಮೀಟರ್

ಬೆರಳಿಗೆ ಸಿಕ್ಕಿಸುವ ಈ ಸಾಧನದ ಮೂಲತತ್ವವನ್ನು ಜಪಾನಿನ ಇಂಜಿನಿಯರ್ ತಕುವೊ ಆವೊಯಾಗಿ 1970ರ ದಶಕದಲ್ಲಿ ರೂಪಿಸಿದರು. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ರಕ್ತ ಎಷ್ಟನ್ನು ಹೀರಿತು ಎಂಬುದರಿಂದ ರಕ್ತದ ಆಕ್ಸಿಜನ್ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ಊಹಿಸುತ್ತದೆ. ಊಹೆ ಎಂಬುದನ್ನು ಒತ್ತಿ ಹೇಳಬೇಕು. ಒಳ್ಳೆಯ ಸಾಧನದಲ್ಲೂ 2–3 ಅಂಶಗಳ ಹೆಚ್ಚುಕಡಿಮೆ ಸಹಜ. 92 ತೋರಿಸಿದ್ದು ನಿಜಕ್ಕೂ 90 ಇರಬಹುದು. ತಣ್ಣಗಿನ ಕೈ, ನೇಲ್ ಪಾಲಿಶ್, ನಡುಕ, ಪ್ರಖರ ಬೆಳಕು ಇವೆಲ್ಲ ಅಂಕಿಯನ್ನು ಕೆಡಿಸುತ್ತವೆ. ಗಾಢ ಬಣ್ಣದ ಚರ್ಮದವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುವ ಪ್ರವೃತ್ತಿ ಇದೆ ಎಂಬುದು 2020ರ ಬಳಿಕ ವ್ಯಾಪಕವಾಗಿ ಚರ್ಚೆಗೆ ಬಂದಿದೆ. ಧೂಮಪಾನ ಮಾಡುವವರ ರಕ್ತದಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನೂ ಇದು ಆಕ್ಸಿಜನ್ ಎಂದೇ ಎಣಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಮಿತಿ ಇದು: ಕಾರ್ಬನ್ ಡೈಆಕ್ಸೈಡ್ ಇದಕ್ಕೆ ಕಾಣುವುದೇ ಇಲ್ಲ. ಸಿಒಪಿಡಿ ಮುಂದುವರಿದವರಲ್ಲಿ ಅದು ರಕ್ತದಲ್ಲಿ ಶೇಖರಗೊಳ್ಳುತ್ತಿರುವಾಗಲೂ ಪರದೆಯ ಮೇಲೆ ಚೆಂದದ 96 ಇರಬಹುದು. ಬೆಳಗ್ಗೆ ಎದ್ದಾಗ ತಲೆನೋವು, ಹಗಲಲ್ಲಿ ತೂಕಡಿಕೆ, ಗೊಂದಲ, ಚಾಚಿದ ಕೈಗಳು ಪಟಪಟ ಬಡಿದುಕೊಳ್ಳುವುದು ಇದರ ಲಕ್ಷಣಗಳು. ಇವು ಕಂಡರೆ ಅಂಕಿ ನೋಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಕೊಳ್ಳುವಾಗ ನಾಡಿಯ ಅಲೆ ಅಥವಾ ಸಿಗ್ನಲ್‌ನ ಬಲ ತೋರಿಸುವ ಪರದೆ ಇರುವುದನ್ನೇ ಆರಿಸಿ. ಅಲೆ ಅಡ್ಡಾದಿಡ್ಡಿ ಕುಣಿಯುತ್ತಿದ್ದರೆ ಅಂಕಿ ಬರೆಯಬೇಡಿ. ಕ್ಲಿನಿಕ್‌ಗೆ ಹೋದಾಗ ಅಲ್ಲಿನ ಯಂತ್ರದ ಪಕ್ಕದಲ್ಲೇ ನಿಮ್ಮದನ್ನೂ ಹಾಕಿ ಹೋಲಿಸಿ. ಅಳೆಯುವ ಮುನ್ನ 5 ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ಅಂಕಿ ನಿಲ್ಲುವವರೆಗೆ ಸುಮಾರು ಒಂದು ನಿಮಿಷ ಕಾಯಿರಿ. ದಿನಕ್ಕೆ ಇಪ್ಪತ್ತು ಸಲ ನೋಡುವುದರಿಂದ ಆತಂಕ ಬೆಳೆಯುತ್ತದೆಯೇ ಹೊರತು ಉಸಿರಲ್ಲ. ನಿಮಗೆ ಸ್ಥಿರವಾದ ದಿನಗಳಲ್ಲಿ ಎಷ್ಟಿರುತ್ತದೆ ಎಂಬುದೇ ನಿಮ್ಮ ಅಳತೆ. ಕಾರ್ಬನ್ ಡೈಆಕ್ಸೈಡ್ ಶೇಖರಗೊಳ್ಳುವ ಅಪಾಯ ಇರುವವರಿಗೆ ಆಕ್ಸಿಜನ್ ಕೊಡುವಾಗ ಸಾಮಾನ್ಯವಾಗಿ ಇಡುವ ಗುರಿ 88ರಿಂದ 92. ಅವರನ್ನು 98ಕ್ಕೆ ಏರಿಸಲು ಹೋಗುವುದು ಕೇಡು.

ಅಂಕಿಯ ಜೊತೆ ಒಂದು ಹಾಳೆ ಬೇಕು. ಡಾಕ್ಟರ ಜೊತೆ ಕೂತು ಬರೆದ ಆ ಹಾಳೆಯಲ್ಲಿ ಹಸಿರು, ಹಳದಿ, ಕೆಂಪು ಎಂಬ ಮೂರು ಹಂತ. ಹಳದಿಗೆ ಏನು ಲಕ್ಷಣ? ಕಫ ಹೆಚ್ಚುವುದು, ಅದರ ಬಣ್ಣ ಹಳದಿ-ಹಸಿರಿಗೆ ತಿರುಗುವುದು, ಎಂದಿನ ಕೆಲಸಕ್ಕೇ ಏದುಸಿರು ಬರುವುದು. ಆಗ ಎಷ್ಟು ಪಫ್ ಹೆಚ್ಚಿಸಬೇಕು, ಮನೆಯಲ್ಲಿ ಕಾದಿರಿಸಿದ ಸ್ಟೀರಾಯ್ಡ್ ಮಾತ್ರೆ ಅಥವಾ ಆಂಟಿಬಯೋಟಿಕ್ ಯಾವಾಗ ಆರಂಭಿಸಬೇಕು, ಯಾರಿಗೆ ತಿಳಿಸಬೇಕು ಎಂಬುದು ನಿಮ್ಮ ಹೆಸರಿಗೇ ಬರೆದಿರಬೇಕು. ಇದಕ್ಕೆ ಸಿಎಟಿ ಎಂಬ 8 ಪ್ರಶ್ನೆಗಳ, 40 ಅಂಕಗಳ ಪ್ರಶ್ನಾವಳಿಯನ್ನು ಸೇರಿಸಿಕೊಳ್ಳಿ. ಅಂಕ ಹೆಚ್ಚಿದಷ್ಟೂ ಕಾಯಿಲೆಯ ಕಾಟ ಹೆಚ್ಚು. ಕೆಲವೇ ನಿಮಿಷಗಳಲ್ಲಿ ತುಂಬಬಹುದು. ಆಕ್ಸಿಮೀಟರ್ ಏನೂ ಹೇಳದಿದ್ದಾಗಲೂ ನಿದ್ದೆ, ಸುಸ್ತು, ಕೆಮ್ಮು ಕೆಡುತ್ತಿರುವುದು ಇದರಲ್ಲಿ ಕಾಣುತ್ತದೆ.

ಆಕ್ಸಿಜನ್ ಕಾನ್ಸಂಟ್ರೇಟರ್

ಇದು ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ. ಕೊಳ್ಳುವುದಕ್ಕೂ ಮೊದಲು ನಿಮಗೆ ಇದು ಬೇಕೇ ಎಂಬುದು ತೀರ್ಮಾನವಾಗಬೇಕು. ಏದುಸಿರು ಬರುತ್ತದೆ ಎಂದಮಾತ್ರಕ್ಕೆ ಆಕ್ಸಿಜನ್ ಬೇಕೆಂದಲ್ಲ. ದೀರ್ಘಕಾಲದ ಆಕ್ಸಿಜನ್ ಆಯುಸ್ಸು ಹೆಚ್ಚಿಸುತ್ತದೆ ಎಂದು 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿದ್ದು ರಕ್ತದ ಆಕ್ಸಿಜನ್ ತೀರ ಕುಸಿದವರಲ್ಲಿ. ಅದಕ್ಕೆ ಈಗ ಸಾಮಾನ್ಯವಾಗಿ ಇಡುವ ಮಿತಿ: ವಿಶ್ರಾಂತಿಯಲ್ಲಿ ಅಪಧಮನಿಯ ರಕ್ತದಲ್ಲಿ 55 ಮಿ.ಮೀ. ಪಾದರಸ ಅಥವಾ ಅದಕ್ಕಿಂತ ಕಡಿಮೆ, ಆಕ್ಸಿಮೀಟರ್ ಲೆಕ್ಕದಲ್ಲಿ ಸುಮಾರು 88 ಅಥವಾ ಕಡಿಮೆ. ಅವರಿಗೂ ದಿನಕ್ಕೆ ಕನಿಷ್ಠ 15 ಗಂಟೆ ಬಳಸಿದರೆ ಮಾತ್ರ ಫಲ. ಉಸಿರು ಕಟ್ಟಿದಾಗ ಹತ್ತು ನಿಮಿಷ ಹಾಕಿಕೊಳ್ಳುವುದು ಆ ಚಿಕಿತ್ಸೆಯೇ ಅಲ್ಲ. ಮಧ್ಯಮ ಮಟ್ಟದ ಕೊರತೆ ಇರುವವರಿಗೆ ಆಯುಸ್ಸಿನಲ್ಲಾಗಲಿ ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ ಎಂದು 2016ರ ದೊಡ್ಡ ಅಧ್ಯಯನ ಹೇಳಿತು. ಸ್ಥಿರವಾಗಿರುವಾಗ ಮಾಡಿಸಿದ ರಕ್ತಪರೀಕ್ಷೆಯ ಆಧಾರವಿಲ್ಲದೆ ಯಂತ್ರ ತರಬೇಡಿ.

ಕೋಣೆಯ ಗಾಳಿಯಲ್ಲಿ 21 ಶೇಕಡಾ ಆಕ್ಸಿಜನ್, 78 ಶೇಕಡಾ ನೈಟ್ರೋಜನ್. ಯಂತ್ರ ಆ ಗಾಳಿಯನ್ನು ಒತ್ತಿ ಜಿಯೋಲೈಟ್ ಹರಳುಗಳ ಕಂಬದೊಳಗೆ ನುಗ್ಗಿಸುತ್ತದೆ. ಹರಳು ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಬಿಟ್ಟುಕೊಡುತ್ತದೆ. ಒಂದು ಕಂಬ ಹಿಡಿಯುವಾಗ ಇನ್ನೊಂದು ನೈಟ್ರೋಜನ್ ಹೊರಹಾಕುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ ಫುಸ್ ಸದ್ದು ಅದೇ. ಹರಳಿಗೆ ತೇವ ತಗುಲಿದರೆ ಹಿಡಿಯುವ ಶಕ್ತಿ ಕುಗ್ಗುತ್ತದೆ, ಶುದ್ಧತೆ ಇಳಿಯುತ್ತದೆ. ಆದರೆ ಮೂಗಿಗೆ ಗಾಳಿ ಬರುತ್ತಲೇ ಇರುತ್ತದೆ, ನೀರಿನ ಬಾಟಲಿಯಲ್ಲಿ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಆದ್ದರಿಂದ ಶುದ್ಧತೆಯ ಸೆನ್ಸರ್ ಮತ್ತು ಅಲಾರಂ ಇಲ್ಲದ ಯಂತ್ರವನ್ನು ಯಾವ ದರಕ್ಕೂ ಕೊಳ್ಳಬಾರದು. ಸಾಮಾನ್ಯವಾಗಿ ಶುದ್ಧತೆ ಶೇಕಡಾ 85ರ ಆಸುಪಾಸಿಗೆ ಇಳಿದಾಗ ಹಳದಿ ದೀಪ ಹತ್ತುತ್ತದೆ.

ತಾಂತ್ರಿಕ ವಿವರದಲ್ಲಿ ನೋಡಬೇಕಾದ ಸಾಲು ಒಂದೇ: ಗರಿಷ್ಠ ಹರಿವಿನಲ್ಲಿ ಶುದ್ಧತೆ ಎಷ್ಟು? ನಿಮಿಷಕ್ಕೆ 5 ಲೀಟರ್ ಕೊಡುವ ಒಳ್ಳೆಯ ಯಂತ್ರ 5 ಲೀಟರಿನಲ್ಲೂ ಶೇಕಡಾ 90ರ ಮೇಲೆ ಕೊಡುತ್ತದೆ. “1ರಿಂದ 7 ಲೀಟರ್” ಎಂದು ಬರೆದ ಪುಟಾಣಿ ಯಂತ್ರಗಳಲ್ಲಿ ಹಲವು 1 ಲೀಟರಿನಲ್ಲಿ 90 ಕೊಟ್ಟು, 7ಕ್ಕೆ ತಿರುಗಿಸಿದಾಗ 30ರ ಹತ್ತಿರಕ್ಕೆ ಕುಸಿಯುತ್ತವೆ. ಅದು ಕೋಣೆಯ ಗಾಳಿಗಿಂತ ತುಸುವೇ ಮೇಲು. 2 ಲೀಟರ್ ಬೇಕಾದವರು 10 ಲೀಟರಿನ ಯಂತ್ರ ತರುವುದೂ ಬೇಡ. ಹೆಚ್ಚು ಸದ್ದು, ಹೆಚ್ಚು ಬಿಸಿ, ಹೆಚ್ಚು ವಿದ್ಯುತ್.

ಮನೆಯಲ್ಲಿ ಇಡುವಾಗ ಗೋಡೆ, ಪರದೆಗಳಿಂದ ಸುತ್ತಲೂ ಕನಿಷ್ಠ 30 ಸೆಂ.ಮೀ. ಜಾಗ ಬಿಡಿ, ಹೊರಹೋದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಕಂಪ್ರೆಸರ್ ಬೇಗ ಸೋಲುತ್ತದೆ. ಹೊರಗಿನ ಸ್ಪಂಜು ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಒದ್ದೆ ಫಿಲ್ಟರ್ ಹಾಕುವುದು ಹರಳಿಗೆ ನೀವೇ ತೇವ ಉಣಿಸಿದ ಹಾಗೆ. ತಿಂಗಳುಗಟ್ಟಲೆ ಸುಮ್ಮನಿಟ್ಟ ಯಂತ್ರವೂ ತೇವ ಹಿಡಿಯುತ್ತದೆ, ಆಗಾಗ ಓಡಿಸಬೇಕು. ಹರಿವಿನ ಮೀಟರನ್ನು ಕಣ್ಣಿನ ಮಟ್ಟದಲ್ಲಿ ನೋಡಿ; ಗೆರೆ ಚೆಂಡಿನ ನಡುವೆ ಹಾಯಬೇಕು. ಸ್ವಿಚ್ ಹಾಕಿದ ಮೇಲೆ ಶುದ್ಧತೆ ಏರಲು 5 ನಿಮಿಷವಾದರೂ ಬೇಕು.

ಗಾಳಿ ಬರುತ್ತಿಲ್ಲ ಎಂಬ ದೂರಿನ ಕಾರಣ ಬಹುಪಾಲು ಯಂತ್ರವಲ್ಲ, ತೇವದ ಬಾಟಲಿ, ಅಂದರೆ ಆಕ್ಸಿಜನ್‌ಗೆ ತೇವ ಕೊಡಲು ಯಂತ್ರಕ್ಕೆ ಸಿಕ್ಕಿಸುವ ನೀರಿನ ಬಾಟಲಿ. ಮುಚ್ಚಳ ವಾರೆ ಕೂತಿದ್ದರೆ ಅಲ್ಲೇ ಸೋರಿಹೋಗುತ್ತದೆ. ಮೂಗಿಗೆ ಸಿಕ್ಕಿಸುವ ಕೊಳವೆಯ (ಕ್ಯಾನುಲಾ) ತುದಿಯನ್ನು ಲೋಟದ ನೀರಿಗೆ ಅದ್ದಿ ನೋಡಿ. ಗುಳ್ಳೆ ಬರದಿದ್ದರೆ ಬಾಟಲಿ ತೆಗೆದು ಕೊಳವೆಯನ್ನು ನೇರ ಯಂತ್ರಕ್ಕೆ ಜೋಡಿಸಿ ಮತ್ತೆ ನೋಡಿ. ಈಗ ಬಂದರೆ ದೋಷ ಬಾಟಲಿಯದ್ದು. 1–2 ಲೀಟರ್ ಬಳಸುವ ಹಲವರಿಗೆ ಆ ಬಾಟಲಿಯ ಅಗತ್ಯವೇ ಇಲ್ಲ. ಬಳಸುವುದಾದರೆ ಡಿಸ್ಟಿಲ್ಡ್ ನೀರನ್ನು ದಿನವೂ ಚೆಲ್ಲಿ ಹೊಸದು ತುಂಬಿ; ಮೇಲಷ್ಟೇ ತುಂಬಿಸುತ್ತ ಹೋದರೆ ಲೋಳೆ ಕಟ್ಟುತ್ತದೆ. ಮೂಗು ಒಣಗಿದರೆ ವ್ಯಾಸಲಿನ್ ಬೇಡ, ನೀರಿನಿಂದ ತಯಾರಾದ ಜೆಲ್ ಸಾಕು. ಒಲೆ, ದೀಪ, ಊದಿನಕಡ್ಡಿಯಿಂದ ಕನಿಷ್ಠ 3 ಮೀಟರ್ ದೂರ. ಬೀಡಿ, ಸಿಗರೇಟು ಆ ಕೋಣೆಯಲ್ಲಿ ಇರಲೇಬಾರದು, ಯಂತ್ರ ಆರಿಸಿದ ಮೇಲೂ ಬಟ್ಟೆ, ಹಾಸಿಗೆಯಲ್ಲಿ ಆಕ್ಸಿಜನ್ ಒಂದಷ್ಟು ಹೊತ್ತು ನಿಂತಿರುತ್ತದೆ. ಕರೆಂಟು ಹೋದಾಗಿನ ಹೊತ್ತಿಗೆ ತುಂಬಿದ ಸಿಲಿಂಡರ್ ಮತ್ತು ರೆಗ್ಯುಲೇಟರ್ ಇರಲಿ, ರೆಗ್ಯುಲೇಟರ್ ಜೋಡಿಸುವುದನ್ನು ಮನೆಯ ಇಬ್ಬರಾದರೂ ಕಲಿತಿರಲಿ.

ಹೆಗಲಿಗೆ ಹಾಕುವ ಪೋರ್ಟಬಲ್ ಯಂತ್ರದಲ್ಲಿ “2” ಎಂದರೆ ನಿಮಿಷಕ್ಕೆ 2 ಲೀಟರ್ ಅಲ್ಲ. ಹೆಚ್ಚಿನವು ಉಸಿರೆಳೆದಾಗ ಮಾತ್ರ ಒಂದು ಗುಕ್ಕು ಬಿಡುತ್ತವೆ, ಆ ಅಂಕಿ ಗುಕ್ಕಿನ ಗಾತ್ರದ ಕ್ರಮಸಂಖ್ಯೆ ಅಷ್ಟೇ. ನಿದ್ದೆಯಲ್ಲಿ ಬಾಯಲ್ಲಿ ಉಸಿರಾಡುವವರ ಎಳೆತ ಅದಕ್ಕೆ ಗೊತ್ತಾಗದೇ ಹೋಗಬಹುದು. ಕೊಳ್ಳುವ ಮುನ್ನ ಅದನ್ನು ಹಾಕಿಕೊಂಡು, ಆಕ್ಸಿಮೀಟರ್ ಬೆರಳಲ್ಲಿಟ್ಟು 6 ನಿಮಿಷ ನಡೆಯಿರಿ. ನಡೆಯುವಾಗ ಅಂಕಿ ನಿಲ್ಲದಿದ್ದರೆ ಆ ಯಂತ್ರ ನಿಮ್ಮದಲ್ಲ. ಸ್ಪ್ರೇ ಡಬ್ಬಿಯಂತೆ ಮಾರುವ ಆಕ್ಸಿಜನ್ ಕ್ಯಾನ್‌ಗಳ ಲೆಕ್ಕ ಇನ್ನೂ ಸರಳ: 10 ಲೀಟರ್ ಅನಿಲ, ನಿಮಿಷಕ್ಕೆ 2 ಲೀಟರ್, 5 ನಿಮಿಷ. ಕಾಯಿಲೆಗೆ ಅವು ಯಾವ ಉಪಯೋಗಕ್ಕೂ ಇಲ್ಲ.

ಚಿಕ್ಕಪುಟ್ಟವು

ಮೂರು ಚೆಂಡುಗಳ ಸ್ಪೈರೋಮೀಟರ್ ಶಸ್ತ್ರಚಿಕಿತ್ಸೆ ಆದವರಿಗೆ ಆಳವಾಗಿ ಉಸಿರೆಳೆಯುವುದನ್ನು ನೆನಪಿಸಲೆಂದು ಮಾಡಿದ್ದು. ಸಿಒಪಿಡಿಯಲ್ಲಿ ತೊಂದರೆ ಇರುವುದು ಗಾಳಿ ಎಳೆಯುವುದಕ್ಕಿಂತ ಹೊರಹಾಕುವುದರಲ್ಲಿ. ಚೆಂಡು ಮೇಲೇರಿದ್ದಕ್ಕೆ ಸಂತೋಷಪಡುವುದರ ಬದಲು ಅಷ್ಟೇ ಹೊತ್ತು ತುಟಿ ಮುದುರಿ, ಎಳೆದದ್ದರ ಎರಡರಷ್ಟು ಸಮಯ ಉಸಿರು ಬಿಡುತ್ತ ನಡೆದರೆ ಲಾಭ ಹೆಚ್ಚು. ಪಲ್ಮನರಿ ರಿಹ್ಯಾಬಿಲಿಟೇಶನ್, ಅಂದರೆ ಶ್ವಾಸಕೋಶದ ಕಾಯಿಲೆ ಇರುವವರಿಗೆ ವ್ಯಾಯಾಮ, ಉಸಿರಾಟ ಕಲಿಸುವ ತರಗತಿ ಸಿಕ್ಕರೆ ಇಲ್ಲಿನ ಯಾವ ಉಪಕರಣಕ್ಕಿಂತಲೂ ಮೊದಲು ಅದಕ್ಕೆ ಸೇರಿ.

ಕಫ ಹೆಚ್ಚಿರುವವರಿಗೆ, ವಿಶೇಷವಾಗಿ ಬ್ರಾಂಕಿಯೆಕ್ಟಾಸಿಸ್ ಇರುವವರಿಗೆ, ಕಂಪಿಸುವ ಪಿಇಪಿ ಸಾಧನ (ಊದುವಾಗ ತಡೆಯೊಡ್ಡಿ, ನಡುಗಿಸಿ ಕಫ ಸಡಿಲಿಸುವ ಕೈಸಾಧನ) ನಿಜಕ್ಕೂ ಒಳ್ಳೆಯ ಖರೀದಿ. ಎಂದಿಗಿಂತ ತುಸು ಆಳವಾಗಿ ಎಳೆದು, 2–3 ಸೆಕೆಂಡ್ ತಡೆದು, ಕೆನ್ನೆ ಉಬ್ಬದಂತೆ 3–4 ಸೆಕೆಂಡ್ ಅದರೊಳಕ್ಕೆ ಊದಿ. ಹೀಗೆ 10 ಬಾರಿ ಊದಿ, ಬಾಯ್ತೆರೆದು ಹಾ ಎಂದು ಎರಡು ಸಲ ಜೋರಾಗಿ ಉಸಿರು ತಳ್ಳಿ ಕಫ ಮೇಲೆ ಬಂದಮೇಲೆ ಕೆಮ್ಮಿ. ಕಂಪನ ಎದೆಯಲ್ಲಿ ತಿಳಿಯಬೇಕು, ಕೆನ್ನೆಯಲ್ಲಿ ಮಾತ್ರ ತಿಳಿದರೆ ಕೆಲಸ ಆಗುತ್ತಿಲ್ಲ. ಉಕ್ಕಿನ ಗುಂಡು ಇರುವ ಮಾದರಿಗೆ ಓರೆಯ ಕೋನ ಸರಿಯಿರಬೇಕು, ಮಲಗಿ ಬಳಸಲಾಗದು. ಗುಂಡಿಲ್ಲದ ಮಾದರಿಗಳಿಗೆ ಆ ಕಟ್ಟುಪಾಡಿಲ್ಲ. ಕಫದಲ್ಲಿ ರಕ್ತ ಕಂಡಾಗ ಮತ್ತು ಈಚೆಗೆ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿದ್ದವರು ಡಾಕ್ಟರನ್ನು ಕೇಳದೆ ಊದಬಾರದು.

ಇನ್ನು ಕೈಯಲ್ಲಿ ಹಿಡಿಯುವ ಬ್ಯಾಟರಿ ಫ್ಯಾನ್. ಮುಖದಿಂದ ಸುಮಾರು 15 ಸೆಂ.ಮೀ. ದೂರದಲ್ಲಿ ಹಿಡಿದು ಮೂಗು, ಮೇಲ್ದುಟಿ, ಕೆನ್ನೆಗಳ ಮೇಲೆ ಗಾಳಿ ಆಡಿಸಿದರೆ ಅಲ್ಲಿನ ನರಗಳ ಮೂಲಕ ಉಸಿರು ಕಟ್ಟುವ ಭಾವನೆ ತಗ್ಗುತ್ತದೆ. ಮೆಟ್ಟಿಲು ಹತ್ತಿದ ಮೇಲೆ ಮುಂದಕ್ಕೆ ಬಾಗಿ ಮೊಣಕೈ ಊರಿ ಕೂತು ಬಳಸಿದರೆ ಇನ್ನೂ ಬೇಗ ಸುಧಾರಿಸಿಕೊಳ್ಳಬಹುದು. ರಕ್ತದ ಆಕ್ಸಿಜನ್ ಇದರಿಂದ ಏರುವುದಿಲ್ಲ, ಹಾಗಾಗಿ ಆಕ್ಸಿಜನ್ ಬರೆದುಕೊಟ್ಟವರಿಗೆ ಇದು ಬದಲಿಯಲ್ಲ. ರೆಕ್ಕೆಗಳು ಮೆತ್ತಗಿರುವುದನ್ನು ಆರಿಸಿ, ಬ್ಯಾಟರಿ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.